ಉಡಿಯೊಳಗಿನ ಜೋಳ

ಒಡ್ಡಿನ ಮೆಟ್ಟಿಲ ಬುಡದಲ್ಲೇ ಗದಿಗೆಮ್ಮ ಚಪ್ಪಲಿ ಬಿಟ್ಟಳು.

ಶಿವಗಂಗಾ ನೋಡಿದಳು, ಯಾಕೆಂದು ಕೇಳಲಿಲ್ಲ. ಲಿಂಗಂಪಲ್ಲಿ ಸ್ಟೇಷನ್ನಿನ ಎದುರು, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಪರರ ಗುಟ್ಟು ಹುಡುಕುತ್ತ ಅವಳು ಕಲಿತ ವಿದ್ಯೆ ಇದೊಂದೇ. ತಾನು ಸುಮ್ಮನಿದ್ದರೆ ಎದುರಿನವರು ಆ ಮೌನವನ್ನು ಹಾಗೇ ಬಿಡಲಾರರು, ಏನನ್ನಾದರೂ ತಂದು ತುಂಬುತ್ತಾರೆ.

ಗದಿಗೆಮ್ಮ ತುಂಬಿದಳು. "ನೀರಿನ ಮ್ಯಾಲಿನ ಹಾದಿ ಐತ್ರಿ ಅಕ್ಕಾರ. ಮೆಟ್ಟಿಕೊಂಡು ಹೆಂಗ ನಡೀಲಿ?"

ಒಪ್ಪುವ ಮಾತೇ. ಶಿವಗಂಗಾ ಮೆಟ್ಟಿಲು ಹತ್ತಿದಳು.

ಪೆದ್ದಮಡುಗು ಜಲಾಶಯದ ತೂಬಿನ ಗಾಲಿ ತಿರುವಿ ಕಾಲುವೆಗೆ ನೀರು ಬಿಡುವ ಲಸ್ಕರ್ ಮಾಣಿಕಪ್ಪ, ಎಡಗಾಲುವೆಯ ಜಾಲರಿಗೆ ಸಿಕ್ಕಿಕೊಂಡು ಹೆಣವಾಗಿ ಮೇಲೆದ್ದು ಒಂದು ವಾರವಾಗಿತ್ತು. ಕಾಲು ಜಾರಿ ಬಿದ್ದನೆಂದು ಪೊಲೀಸರು ಕೈ ತೊಳೆದುಕೊಂಡಿದ್ದರು. ಅವನು ಒಡ್ಡಿನ ಬಳಿ ಒಬ್ಬನೇ ಇರುತ್ತಿದ್ದ; ಹೆಂಡತಿ ಗದಿಗೆಮ್ಮ ಪಟಾನ್‌ಚೆರುವಿನಲ್ಲಿದ್ದು ಕಟ್ಟಡದ ಕೆಲಸಕ್ಕೆ ಹೋಗುವಾಕೆ. ಶಿವಗಂಗಾಳ ಕೋಣೆಗೆ ಬಂದವಳು ಗಂಡನನ್ನು ಕೊಂದವರು ಯಾರೆಂದು ಕೇಳಿರಲಿಲ್ಲ. ಅವನ ಅಂಗಿ ಕಿಸೆಯಲ್ಲಿ ಸಿಕ್ಕಿತ್ತೆಂದು ಹೇಳಿ, ಬಂಗಾರದ ಚುಕ್ಕಿಯ ಒಂದು ಹಸಿರು ಗಾಜಿನ ಬಳೆಯನ್ನು ಮೇಜಿನ ಮೇಲಿಟ್ಟಿದ್ದಳು.

"ಆಕಿ ಯಾರು ಅನ್ನೂದಷ್ಟ ಹೇಳ್ರಿ. ಮುಂದಿಂದು ನನ್ನ ಕೆಲಸ."

ಮುಂದಿನದು ಏನೆಂದು ಆ ಕಣ್ಣುಗಳಲ್ಲೇ ಇತ್ತು. ಇಟ್ಟಿಗೆ ಹೊತ್ತು ಹೊತ್ತು ಗಟ್ಟಿಯಾದ ಕೈಗಳಲ್ಲೂ ಇತ್ತು. ಖಾತ್ರಿಯಾಗುವ ತನಕ ಯಾವ ಹೆಣ್ಣಿನ ಹೆಸರನ್ನೂ ಈಕೆಯ ಮುಂದೆ ಎತ್ತಕೂಡದೆಂದು ಶಿವಗಂಗಾ ಅಂದೇ ನಿಶ್ಚಯಿಸಿಕೊಂಡಿದ್ದಳು. ಒಮ್ಮೆ ಬಾಯಿಂದ ಬಿದ್ದ ಹೆಸರು ಒಂದು ಜೀವವನ್ನು ತೆಗೆದೀತು.

ಆದರೆ ಅವಳ ನಿದ್ದೆ ಕೆಡಿಸಿದ್ದು ಈ ಭಯವಲ್ಲ. ಗಂಡ ಸತ್ತ ಮೇಲೂ ಅವನನ್ನು ಇನ್ನೊಬ್ಬಳಿಗೆ ಬಿಟ್ಟುಕೊಡಲಾರದೆ ಉರಿಯುತ್ತಿದ್ದ ಆ ಹೆಂಗಸನ್ನು ನೋಡಿ ಅವಳೊಳಗೆ ಏನೋ ಚುರುಗುಟ್ಟಿತ್ತು. ಇಷ್ಟು ವರ್ಷ ಎಷ್ಟೋ ಜನರ ಅನುಮಾನಗಳನ್ನು ಅವಳು ಹೊತ್ತು ತಿರುಗಿದ್ದಳು, ಪರರ ಮನೆಯ ಬಟ್ಟೆಯನ್ನು ಹೊಳೆಗೆ ಒಯ್ಯುವವಳ ಹಾಗೆ. ಹಾಗೆ ಅನುಮಾನಪಡಲು ಅವಳಿಗೆಂದು ಯಾರೂ ಇರಲಿಲ್ಲ. ಗದಿಗೆಮ್ಮನ ಹೊಟ್ಟೆಕಿಚ್ಚನ್ನು ಕಂಡು ತನಗೆ ಹೊಟ್ಟೆಕಿಚ್ಚಾಗುತ್ತಿದೆ ಎಂದು ಒಪ್ಪಿಕೊಳ್ಳಲು ಅವಳಿಗೆ ಎರಡು ರಾತ್ರಿ ಬೇಕಾಗಿತ್ತು.

ಒಡ್ಡಿನ ಮೇಲೆ ಬಿಸಿಲು ಚುರುಕಾಗಿತ್ತು. ಒಂದು ಕಡೆ ಆಕಾಶವನ್ನೇ ತುಂಬಿಕೊಂಡ ನೀರು. ಇನ್ನೊಂದು ಕಡೆ, ಕೆಳಗೆ, ಕಣ್ಣು ಹೋದಷ್ಟು ದೂರ ಗದ್ದೆ. ಆದರೆ ಹಸಿರು ಅರ್ಧಕ್ಕೇ ನಿಂತಿತ್ತು. ಎಡಗಾಲುವೆಯ ಕೆಳಗೆ ನಾಟಿಯಾದ ಮಡಿಗಳು ಮಿನುಗುತ್ತಿದ್ದರೆ, ಬಲಗಾಲುವೆಯ ಕೆಳಗೆ ಉತ್ತ ಹೆಂಟೆಗಳು ಒಣಗುತ್ತ ತಮ್ಮ ಸರದಿಗೆ ಕಾದಿದ್ದವು. ಯಾಸಂಗಿಗೆ, ಬೇಸಿಗೆಯ ಬೆಳೆಗೆ, ನೀರು ಕಡಿಮೆ. ಮೊದಲು ಎಡ, ಆಮೇಲೆ ಬಲ. ಬಲದಂಡೆಯ ನಾಲ್ಕಾರು ರೈತರು ಒಡ್ಡಿನ ಕಲ್ಲುಗಳ ಮೇಲೆ ಕೂತು ಬೀಡಿ ಸೇದುತ್ತ ಆಚೆಯ ಪೈರನ್ನು ನೋಡುತ್ತಿದ್ದರು, ಕರೆಯೋಲೆ ಬಾರದ ಮದುವೆಯನ್ನು ಕಿಟಕಿಯಿಂದ ನೋಡುವವರಂತೆ.

ಒಡ್ಡು ಕಟ್ಟುವ ಮೊದಲು ಎರಡೂ ಕಡೆ ಜೋಳ, ತೊಗರಿ ಇತ್ತಂತೆ. ಬರುವಾಗ ಆಟೋದವನು ಹೇಳಿದ್ದ. ಆಗ ಒಬ್ಬರ ಹೊಲ ನೋಡಿ ಇನ್ನೊಬ್ಬರು ಕರುಬುವಂಥದ್ದೇನೂ ಇರಲಿಲ್ಲ. ನೀರು ಬಂತು, ಭತ್ತ ಬಂತು, ಜೋಳ ಊರು ಬಿಟ್ಟಿತು. ಈಗ ಕಾಲುವೆಯ ಮೇಲಿನವನನ್ನು ಕಂಡರೆ ಕೆಳಗಿನವನಿಗಾಗದು, ಇಬ್ಬರಿಗೂ ಪೈಪಿನಲ್ಲಿ ನೀರು ಒಯ್ಯುವ ಹೈದರಾಬಾದನ್ನು ಕಂಡರಾಗದು.

ತೂಬಿನ ಮನೆ ದಾಟಿ ಬೇವಿನ ಮರವನ್ನು ಬಳಸಿದ ಮೇಲೆ ಗುಡಿ ಕಾಣಿಸಿತು. ಗುಡಿಯೆಂದರೆ ಮೊಣಕಾಲೆತ್ತರದ ಕಲ್ಲು, ಅದಕ್ಕೊಂದು ಗೂಡು, ಪಕ್ಕದಲ್ಲೊಂದು ತ್ರಿಶೂಲ. ಒಡ್ಡು ಕಾಯುವ ಕಟ್ಟ ಮೈಸಮ್ಮ. ಕಾಲುವೆಗೆ ನೀರು ಬಿಡುವ ದಿನ ಪೂಜೆ ಇವಳಿಗೇ ಮೊದಲು. ಈ ಸಲದ ಪೂಜೆಗೆ ಬಳಿದ ಸುಣ್ಣ ಇನ್ನೂ ಬೆಳ್ಳಗಿತ್ತು. ಬಳಿದವನ ಅವಸರಕ್ಕೆ ಸುತ್ತಲಿನ ಕಲ್ಲುಗಳಿಗೂ ಸಿಡಿದಿತ್ತು.

ತ್ರಿಶೂಲದ ಮೂರು ಮೊನೆಗಳಿಗೂ ಬಳೆ ಏರಿಸಿದ್ದರು. ಹಸಿರು ಗಾಜು, ಬಂಗಾರದ ಚುಕ್ಕಿ.

ಶಿವಗಂಗಾ ಚೀಲದಿಂದ ಆ ಒಂಟಿ ಬಳೆಯನ್ನು ತೆಗೆದು ಪಕ್ಕದಲ್ಲಿ ಹಿಡಿದಳು. ಅದೇ ಜೊತೆ. ಮಾಣಿಕಪ್ಪ ಬಳೆ ಕೊಂಡದ್ದು ಈ ಕಲ್ಲಿಗಾಗಿ.

ಗದಿಗೆಮ್ಮ ನೆಲಕ್ಕೆ ಕುಸಿದು ಕೂತಳು. ಸೆರಗು ಬಾಯಿಗೆ ಹಿಡಿದಳು. ಅಳುವೋ ನಗುವೋ ತಿಳಿಯಲಿಲ್ಲ. "ನನಗೊಂದು ಜೊತಿ ಬಳಿ ತಂದಾಂವಲ್ರಿ ಇಂವ. ಈ ತಾಯಿಗೆ ಡಜನ್ ತಂದಾನ," ಎಂದಳು. ಶಿವಗಂಗಾ ಮರೆಯಲ್ಲೇ ನಕ್ಕಳು. ದೇವರ ಮೇಲೆಯೇ ಸವತಿ ಮತ್ಸರ. ಕೇಸು ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆಂದವಿತ್ತು.

ಮುಗಿಯಲಿಲ್ಲ. ಕಣ್ಣೊರೆಸಿಕೊಂಡ ಗದಿಗೆಮ್ಮ ಗೂಡಿನೊಳಗೆ ಕೈ ತೋರಿಸಿದಳು.

"ಅದು ಏನ್ರಿ?"

ಕಲ್ಲಿನ ಮಡಿಲಿಗೆ ತಾಗಿ, ಮೇಲೊಂದು ಕಲ್ಲು ಹೇರಿಸಿಕೊಂಡು, ಕೆಂಪು ಅಂಚಿನ ಖಣದ ಗಂಟು. ಶಿವಗಂಗಾ ನೋಡಿದ ಕೂಡಲೇ ಗುರುತಿಸಿದಳು. ತೆಲಂಗಾಣದವರು ಮೈಸಮ್ಮನಿಗೆ ಬೋನ ತರುತ್ತಾರೆ, ಬೇವು ಕಟ್ಟುತ್ತಾರೆ, ಕೋಳಿ ಕೊಯ್ಯುತ್ತಾರೆ. ಖಣದಲ್ಲಿ ಹೀಗೆ ಗಂಟು ಕಟ್ಟಿ ದೇವಿಗೆ ಉಡಿ ತುಂಬುವವರು ಅವಳ ಸೀಮೆಯವರು, ಗಡಿಯಾಚೆಯ ಕನ್ನಡದವರು. ಪೊಲೀಸರು ಇದನ್ನು ಎಷ್ಟು ಸಲ ದಾಟಿ ಹೋಗಿದ್ದರೋ.

"ಗಂಡಸು ಉಡಿ ತುಂಬಂಗಿಲ್ಲ," ಎಂದಳು ಗದಿಗೆಮ್ಮ. ಅವಳ ದನಿ ಮತ್ತೆ ಹಳೆಯ ಉರಿಗೆ ಮರಳಿತ್ತು. "ಮುತ್ತೈದಿನ ತುಂಬಬೇಕು. ಬಳಿ ತಂದಾಂವ ಇಂವ. ಉಡಿ ತುಂಬಿದಾಕಿ ಯಾರು?"

ಅದೇ ಪ್ರಶ್ನೆ, ಈಗ ಕೈಕಾಲು ಬಂದು ಎದ್ದು ನಿಂತಿತು.

ಶಿವಗಂಗಾ ಗಂಟಿಗೆ ಕೈ ಹಾಕಿದಾಗ ಗದಿಗೆಮ್ಮ ತಡೆದಳು, ತಾಯಿಯ ಉಡಿ ಬಿಚ್ಚಬಾರದೆಂದು. ಅದೂ ನಿಜವೇ. ಅವಳನ್ನು ಬೇವಿನ ನೆರಳಿಗೆ ಕಳಿಸಿ, ಅವಳು ಬೆನ್ನು ಮಾಡಿ ಕೂತ ಮೇಲೆ ಶಿವಗಂಗಾ ಗಂಟಿನ ಒಂದು ತುದಿಯನ್ನಷ್ಟೇ ಸಡಿಲಿಸಿದಳು.

ಖಣದ ಮೇಲೆ ಸುಣ್ಣದ ಒಂದು ಹನಿಯೂ ಇರಲಿಲ್ಲ. ಸುತ್ತಲಿನ ಕಲ್ಲಿಗೆಲ್ಲ ಸಿಡಿದದ್ದು ಇದಕ್ಕೆ ಮಾತ್ರ ತಾಗಿರಲಿಲ್ಲ. ಅಂದರೆ ಈ ಉಡಿ ಬಂದದ್ದು ಪೂಜೆಗೆ ಸುಣ್ಣ ಬಳಿದ ನಂತರ. ಒಳಗೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಅಡಿಕೆ, ಮತ್ತು ಅರಿಷಿಣ ಸವರಿದ ಬಿಳಿಜೋಳ.

ಅವಳ ಅಜ್ಜಿಯ ಕೈ ನೆನಪಾಯಿತು. ಊರಮ್ಮನಿಗೆ ಉಡಿ ತುಂಬಿದ ಮೇಲೆ ಅಜ್ಜಿ ಅದರಿಂದ ಒಂದು ಚಿಟಿಕೆ ಕಾಳು ವಾಪಸು ತೆಗೆದು ಕಟ್ಟಿಕೊಳ್ಳುತ್ತಿದ್ದಳು. ಮನೆಗೊಯ್ದು ಕಾಳಿನ ಗಡಿಗೆಗೆ ಹಾಕಿದರೆ ಆ ಮನೆ ಬರಿದಾಗದು ಎಂಬ ನಂಬಿಕೆ. ತುಂಬಿದಾಕೆ ಬರಿಗೈಯಲ್ಲಿ ಹೋಗಬಾರದು.

ಒಂದು ಹಿಡಿ ಜೋಳ ಹಿಡಿದುಕೊಂಡು, ಗಂಡನಿರುವ ಒಬ್ಬ ಕನ್ನಡದ ಹೆಂಗಸು ಇಲ್ಲಿಗೆ ಬಂದಿದ್ದಳು. ಶಿವಗಂಗಾ ವಿಚಾರಿಸಿ ತಿಳಿದಂತೆ, ಈ ಒಡ್ಡಿನ ಸುತ್ತ ಅಂಥವಳು ಒಬ್ಬಳೇ ಇದ್ದಳು, ಹುಲಗೇಶನ ಹೆಂಡತಿ.

ಹುಲಗೇಶನ ಕ್ವಾರ್ಟರ್ಸು ಒಡ್ಡಿನ ಇಳಿಜಾರು ಮುಗಿಯುವಲ್ಲಿ. ಅವನು ಬಲಗಾಲುವೆಯ ಲಸ್ಕರ್. ಮಾಣಿಕಪ್ಪ ಸತ್ತ ಮೇಲೆ ಎಡದ ಕೀಲಿಯೂ ಅವನ ಸೊಂಟಕ್ಕೇ ಬಂದಿತ್ತು. ಗದಿಗೆಮ್ಮನನ್ನು ಮರದ ಕೆಳಗೇ ಬಿಟ್ಟು ಶಿವಗಂಗಾ ಒಬ್ಬಳೇ ಇಳಿದು ಬಂದಾಗ ಅವನು ಅನ್ನದ ಗಂಜಿ ಬಸಿಯುತ್ತಿದ್ದ. ಹೆಂಡತಿ ಇಲ್ಲದ ಮನೆಯೆಂದು ಬಾಗಿಲಲ್ಲೇ ತಿಳಿಯುತ್ತಿತ್ತು.

ಅವಳು ತಾನು ಯಾರೆಂದು ಹೇಳಿ ಕಟ್ಟೆಯ ಮೇಲೆ ಕೂತಳು. ಆಮೇಲೆ ಸುಮ್ಮನಾದಳು.

ಅವನು ಹೆಚ್ಚು ಹೊತ್ತು ತಡೆಯಲಿಲ್ಲ. "ನಾನಽ ಕೊಂದೀನಿ ಅಂತ ಬಂದೀರಿ."

"ಹಂಗ ನಾ ಅಂದಿಲ್ಲ."

"ಮಂದಿ ಅಂತಾರ್ರಿ."

ಮಂದಿ ಅನ್ನಲು ಕಾರಣವಿತ್ತು, ಅದನ್ನೂ ಅವನೇ ಹೇಳಿದ. ನೀರು ಬಿಡುವ ಪೂಜೆಯ ದಿನ ಇಂಜಿನಿಯರು ಮೊದಲ ಗಾಲಿ ತಿರುವಲು ಕರೆದದ್ದು ಮಾಣಿಕಪ್ಪನನ್ನು. ರೈತರು ಹಾರ ಹಾಕಿದ್ದು ಅವನ ಕೊರಳಿಗೆ. ಹುಲಗೇಶ ಆರತಿಯ ತಟ್ಟೆ ಹಿಡಿದು ಬದಿಗೆ ನಿಂತಿದ್ದ. ಅವತ್ತು ಸಂಜೆ ಇಬ್ಬರ ನಡುವೆ ಮಾತಿಗೆ ಮಾತು ಬೆಳೆದು ಕೈಗೆ ಕೈ ಹತ್ತಿತ್ತು. ಬಲದಂಡೆಯ ರೈತರೆಲ್ಲ ನಿಂತು ನೋಡಿದ್ದರು. ಪೊಲೀಸರು ಕೇಸನ್ನು ಮತ್ತೆ ತೆರೆದರೆ ಮೊದಲು ಎಳೆದೊಯ್ಯುವುದು ತನ್ನನ್ನೇ ಎಂದು ಅವನಿಗೆ ಗೊತ್ತಿತ್ತು.

"ಕೊಂದು ನನಗೇನ ಸಿಕ್ಕಿತ್ರಿ? ಎರಡೂ ಕೀಲಿ ಸಿಕ್ಕಾವು. ಎಡದಂಡಿ ರೈತರು ಇವತ್ತಿಗೂ ತೂಬಿನ ಮುಂದ ನಿಂತು ಮಾಣಿಕಪ್ಪಾ ಅಂತ ಕೂಗ್ತಾರ. ಆಮ್ಯಾಲ ನನ್ನ ಮಾರಿ ನೋಡಿ ಸುಮ್ಮಾಗ್ತಾರ."

ಸತ್ತವನ ಮೇಲೂ ಇಳಿಯದ ಅಸೂಯೆ. ಶಿವಗಂಗಾ ಅದನ್ನು ಗಂಡಸಿನ ಬಾಯಲ್ಲಿ ಇಷ್ಟು ಬಿಚ್ಚುಮನಸ್ಸಿನಿಂದ ಕೇಳಿದ್ದು ಕಡಿಮೆ. ಅವನ ಹೆಂಡತಿ ಎಲ್ಲಿ ಎಂದು ವಿಚಾರಿಸಿದಳು.

ಅವನು ಬಸಿಯುವ ತಟ್ಟೆಯನ್ನು ಕೆಳಗಿಟ್ಟ. ರೇಣುಕಾ ತವರಿಗೆ ಹೋಗಿದ್ದಾಳೆ, ಕಲಬುರಗಿ ದಾರಿಯ ಕಮಲಾಪುರದ ಹತ್ತಿರದ ಹಳ್ಳಿ. ಯಾವಾಗ? ಹೆಣ ಸಿಕ್ಕ ದಿನ ಬೆಳಿಗ್ಗೆಯೇ. ಹೇಳದೆ ಹೋದಳು; ಫೋನನ್ನೂ ಗೋಡೆಯ ಗೂಡಿನಲ್ಲೇ ಬಿಟ್ಟು ಹೋಗಿದ್ದಾಳೆ. ಅವನು ತೋರಿಸಿದ. ಅಲ್ಲೇ ಇತ್ತು, ಸತ್ತು ಬಿದ್ದಂತೆ.

"ಅವನ ಹೆಣ ನೋಡಿ ಅತ್ಲುರಿ," ಎಂದ. "ಹೋದ ಮಳಿಗಾಲದಾಗ ನಾ ಜ್ವರ ಬಂದು ಸಾಯಾಕತ್ತಿದ್ದೆ. ಆವಾಗ ಒಂದು ಹನಿ ಬರಲಿಲ್ಲ ಆಕಿ ಕಣ್ಣಾಗ."

ಶಿವಗಂಗಾ ಉಡಿಯ ವಿಷಯ ತೆಗೆದಳು. ಮೈಸಮ್ಮನಿಗೆ ಉಡಿ ತುಂಬಿದ್ದು ರೇಣುಕಾಳೇ ಅಲ್ಲವೇ?

ಅವನು ಅನ್ನದ ಪಾತ್ರೆಗೆ ಮುಚ್ಚಳ ಹಾಕಿದ. ಆಕೆ ಉಡಿ ತುಂಬಿದ್ದನ್ನು ತಾನು ಕಂಡಿಲ್ಲ ಎಂದ. ಆದರೆ ಅವಳು ಹೇಳಿದ್ದೊಂದಿತ್ತು. ನೀರು ಬಿಟ್ಟ ಮರುದಿನ ಮಧ್ಯಾಹ್ನ ಅವಳು ಬಟ್ಟೆ ಒಗೆದು ಬಂದವಳೇ ಒಡ್ಡಿನ ಮೇಲೆ ಗುರುತಿಲ್ಲದ ಹೆಂಗಸನ್ನು ಕಂಡೆ ಎಂದಿದ್ದಳು. ಆ ರಾತ್ರಿ ಮಾಣಿಕಪ್ಪ ತಿರುಗಿ ಬರಲಿಲ್ಲ.

"ಬರಿಗಾಲಾಗ ಹೊಂಟಿದ್ಲು, ತೂಬಿನ ಕಡಿಯಿಂದ ಬಂದ್ಲು, ನಾ ಆಕೀನ ನೋಡಿದೆ, ಆಕಿನೂ ನನ್ನ ನೋಡಿದ್ಲು ಅಂತ ಎರಡೆರಡು ಸಲ ಅಂದ್ಲುರಿ. ನಾ ನಂಬಲಿಲ್ಲ. ಅವನ್ನ ನೋಡಾಕ ತಾನಽ ಹೋಗಿದ್ದು ಮುಚ್ಚಾಕ ಕತಿ ಕಟ್ಟಾಕತ್ತಾಳ ಅಂದೆ."

ಶಿವಗಂಗಾಳೂ ನಂಬಲಿಲ್ಲ. ಹೆಂಡತಿಯನ್ನು ಉಳಿಸಲು ಇವನೇ ಈಗ ಕತೆ ಕಟ್ಟುತ್ತಿರಬಹುದು.

ಎದ್ದು ಹೊರಡುವಾಗ ಅಡಿಗೆಮನೆಯ ಮೇಲೆ ಕಣ್ಣಾಡಿಸಿದಳು. ಮೂಲೆಯಲ್ಲಿ ಎಡದಂಡೆಯ ಅಕ್ಕಿಯ ಚೀಲಗಳು. ರೊಟ್ಟಿಯ ಹಂಚಿಗೆ ತುಕ್ಕು ಹಿಡಿದಿತ್ತು. ಹಿಟ್ಟು ನಾದುವ ಕೊಣಮಿಗೆಯಲ್ಲಿ ಕೋಳಿಗಳಿಗೆ ನೀರಿಟ್ಟಿದ್ದರು.

ಅವಳ ನೋಟವನ್ನು ಹಿಡಿದ ಹುಲಗೇಶ ತುಸು ನಾಚಿದ. "ಇಲ್ಲಿಗೆ ಬಂದ ಮ್ಯಾಲ ರೊಟ್ಟಿ ಬಿಟ್ಟೀವ್ರಿ. ಜೋಳದ ಮಾರಿ ನೋಡಿಲ್ಲ. ಎಲ್ಲಾ ಅನ್ನಾನ."

ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಅವಳು ಅಷ್ಟರಲ್ಲಾಗಲೇ, ಬೇವಿನ ಮರದ ಕೆಳಗೆ ಕಾದಿರುವ ಹೆಂಗಸಿಗೆ ಏನು ಹೇಳುವುದು, ಏನು ಬಿಡುವುದು ಎಂದು ಲೆಕ್ಕ ಹಾಕುತ್ತಿದ್ದಳು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾರ್ಖಾನೆಗಳ ಪಾಳಿ ಬಿಡುವ ಹೊತ್ತು. ಪಟಾನ್‌ಚೆರು ಹತ್ತಿರವಾದಂತೆ ಔಷಧಿಯ ಕಮಟು ವಾಸನೆ ಕಿಟಕಿಯಿಂದ ಒಳಗೆ ಬಂತು. ಶಿವಗಂಗಾಳಿಗೂ ಗದಿಗೆಮ್ಮನಿಗೂ ಹಿಂದಿನ ಸೀಟಿನ ಮೂಲೆ ಸಿಕ್ಕಿತ್ತು.

ಅವನು ಏನೆಂದ ಎಂದು ಗದಿಗೆಮ್ಮ ಕೇಳಿದಳು. ಇನ್ನೂ ಖಾತ್ರಿಯಿಲ್ಲ ಎಂದಳು ಶಿವಗಂಗಾ. ಅವನ ಮನೆಯಲ್ಲಿ ಹೆಂಗಸು ಇದ್ದಾಳೋ ಎಂದು ಗದಿಗೆಮ್ಮ ಮತ್ತೆ ಕೇಳಿದಳು. ಶಿವಗಂಗಾ ಕಿಟಕಿಯಾಚೆ ನೋಡಿದಳು. ತನ್ನ ಹಳೆಯ ವಿದ್ಯೆಯನ್ನು ಹೂಡಿ ಸುಮ್ಮನಾದಳು.

ಗದಿಗೆಮ್ಮ ಈ ಸಲ ಆ ಮೌನವನ್ನು ಬೇರೆಯದರಿಂದ ತುಂಬಿದಳು.

"ನಿಮಗ ತಿಳಿಯಂಗ ಇಲ್ಲ ಬಿಡ್ರಿ ಅಕ್ಕಾರ. ಕಿಸೆ ತಡಕಾಕ ಮನ್ಯಾಗ ಒಂದು ಅಂಗಿನರ ಇರಬೇಕಲ್ಲ."

ಸಣ್ಣ ದನಿಯಲ್ಲಿ, ನಗುತ್ತಲೇ ಹೇಳಿದಳು. ಪಕ್ಕದಲ್ಲಿ ನಿಂತವನಿಗೂ ಕೇಳಿಸಿರಲಿಕ್ಕಿಲ್ಲ. ಶಿವಗಂಗಾಳಿಗೆ ಮಾತ್ರ ಇಡೀ ಬಸ್ಸು ತಿರುಗಿ ತನ್ನನ್ನೇ ನೋಡಿದಂತಾಯಿತು. ಲಿಂಗಂಪಲ್ಲಿಯ ಕೋಣೆ, ಬಾಗಿಲ ಹಿಂದಿನ ಮೊಳೆ, ಆ ಮೊಳೆಗೆ ತೂಗುವ ತನ್ನದೊಂದೇ ದುಪಟ್ಟಾ. ಈ ಹೆಂಗಸಿಗೆ ಗಂಡನಿದ್ದ, ಗಂಡನ ಅಂಗಿಯಿತ್ತು, ಉರಿಯಿತ್ತು, ಅಳುವಿತ್ತು. ಎಲ್ಲ ಕಳೆದುಕೊಂಡು ಕೂತಾಗಲೂ ಅವಳ ಬಳಿ ತನಗಿಂತ ಹೆಚ್ಚೇ ಇತ್ತು. ತನ್ನ ಬಳಿ ಇದ್ದದ್ದು ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ, ಅಷ್ಟೇ.

ಅದನ್ನು ಅವಳು ಎತ್ತಿ ತೋರಿಸಿದಳು.

"ರೇಣುಕಾ," ಎಂದಳು. "ಹುಲಗೇಶನ ಹೆಂಡತಿ. ತವರಿಗೆ ಹೋಗ್ಯಾಳ, ಕಮಲಾಪುರದ ಹತ್ರ."

ಗದಿಗೆಮ್ಮ ಬೈಯಲಿಲ್ಲ. ಎದೆ ಬಡಿದುಕೊಳ್ಳಲಿಲ್ಲ. ಅವಳ ಮುಖದ ಮೇಲಿಂದ ಒಂದು ವಾರದ ಉರಿ ದೀಪ ಆರಿಸಿದಂತೆ ಆರಿಹೋಯಿತು. ಕೆಳಗೆ ಉಳಿದದ್ದು ಬರೀ ಸಮಾಧಾನ.

"ಕಮಲಾಪುರ," ಎಂದಳು, ಗಂಟು ಕಟ್ಟಿಕೊಳ್ಳುವವಳಂತೆ.

ಅಸೂಯೆ ಹೀಗೆ ಆರುವುದಿಲ್ಲ. ಶಿವಗಂಗಾ ಅಷ್ಟನ್ನಾದರೂ ಬಲ್ಲಳು. ಹೆಸರು ಸಿಕ್ಕಮೇಲೆ ಅದು ಇನ್ನಷ್ಟು ಹೊತ್ತಿಕೊಳ್ಳಬೇಕು. ಅವಳು ಮೊದಲ ಬಾರಿಗೆ ಆ ಹೆಂಗಸನ್ನು ತಲೆಯಿಂದ ಕಾಲಿನ ತನಕ ನೋಡಿದಳು.

ಕಾಲು ಬರಿದಾಗಿತ್ತು. ಒಡ್ಡಿನ ಕೆಂಪು ಧೂಳು ಹಿಮ್ಮಡಿಗೆ ಮೆತ್ತಿತ್ತು.

"ಚಪ್ಪಲಿ ಎಲ್ಲಿ?"

"ಮರತು ಬಂದೆ," ಎಂದಳು ಗದಿಗೆಮ್ಮ. ಸೊಂಟದಿಂದ ಎಲೆಅಡಿಕೆಯ ಸಂಚಿ ತೆಗೆದು ಮಡಿಲಲ್ಲಿ ಬಿಚ್ಚಿದಳು.

ಚಪ್ಪಲಿ ಬಿಟ್ಟದ್ದು ಮೆಟ್ಟಿಲ ಬುಡದಲ್ಲಿ. ಅಲ್ಲಿಂದ ಗುಡಿ ಕಾಣುವುದಿಲ್ಲ. ತೂಬಿನ ಮನೆ ಅಡ್ಡ, ಬೇವಿನ ಮರ ಅಡ್ಡ. ನೀರಿಗೆಂದು ಬಿಟ್ಟೆ ಎಂದಿದ್ದಳು. ನೀರಿಗೆ ಯಾರೂ ಚಪ್ಪಲಿ ಬಿಡುವುದಿಲ್ಲ. ಬಲದಂಡೆಯ ರೈತರು ಅದೇ ಒಡ್ಡಿನ ಮೇಲೆ ಚಪ್ಪಲಿ ಮೆಟ್ಟಿಕೊಂಡೇ ಕೂತಿದ್ದರು. ಮೇಲೆ ದೇವರಿದೆ ಎಂದು ಮೊದಲೇ ಗೊತ್ತಿದ್ದವರು ಬಿಡುತ್ತಾರೆ.

ಈ ಜಾಗಕ್ಕೆ ಹಿಂದೆಂದೂ ಕಾಲಿಟ್ಟಿಲ್ಲ ಎಂದು ಕೋಣೆಗೆ ಬಂದ ದಿನವೇ ಹೇಳಿದ್ದಳು ಗದಿಗೆಮ್ಮ. ಹೆಣವನ್ನೂ ಪಟಾನ್‌ಚೆರುವಿಗೇ ತಂದು ಒಪ್ಪಿಸಿದ್ದರು ಎಂದಿದ್ದಳು.

ಅಡಿಕೆಗೆಂದು ಸಂಚಿಯ ಒಳಪದರಕ್ಕೆ ಅವಳು ಬೆರಳಿಟ್ಟಾಗ ಬಸ್ಸು ಗುಂಡಿಗೆ ಬಿದ್ದು ಕುಲುಕಿತು. ಒಂದಿಷ್ಟು ಕಾಳು ಹೊರಳಿ ಶಿವಗಂಗಾಳ ಮಡಿಲಿಗೆ ಬಿದ್ದವು.

ಬಿಳಿಜೋಳ. ಅರಿಷಿಣ ಹಚ್ಚಿದ್ದು.

ಕೊಣಮಿಗೆಯಲ್ಲಿ ನೀರು ಕುಡಿಯುತ್ತಿದ್ದ ಕೋಳಿಗಳು ಈಗ ಅವಳ ಕಣ್ಣ ಮುಂದೆ ಬಂದವು. ಜೋಳದ ಮುಖ ನೋಡದ ಆ ಮನೆಯಿಂದ ದೇವಿಯ ಉಡಿಗೆ ಜೋಳ ಹೋಗಿರಲಾರದು. ಒಂದು ಚಿಟಿಕೆ ವಾಪಸು ತಂದವಳು ಅದನ್ನು ಗಡಿಗೆಗೆ ಹಾಕಿರಲಿಲ್ಲ. ಹಾಕುವ ಮೊದಲೇ ಮನೆ ಬರಿದಾಗಿತ್ತು. ಉಡಿ ತುಂಬಿದಾಗ ಅವಳಿನ್ನೂ ಮುತ್ತೈದೆ. ಬಳೆ ಯಾರಿಗೆಂದು ಅವಳಿಗೆ ಅಂದೇ ಗೊತ್ತಿತ್ತು.

ಹಾಗಾದರೆ ಒಂದು ವಾರದಿಂದ 'ಆಕಿ ಯಾರು' ಎಂದು ಅವಳು ಹುಡುಕಿಸುತ್ತಿದ್ದದ್ದು ಗಂಡನ ಕಣ್ಣಿಗೆ ಬಿದ್ದವಳನ್ನಲ್ಲ. ಅವನನ್ನು ನೀರಿಗೆ ನೂಕಿ ತೂಬಿನ ಕಡೆಯಿಂದ ಬರುವಾಗ ತನ್ನನ್ನು ಕಣ್ಣಾರೆ ಕಂಡವಳನ್ನು.

ಶಿವಗಂಗಾ ತಲೆಯೆತ್ತಿದಳು. ಗದಿಗೆಮ್ಮ ಅವಳ ಮಡಿಲಿನ ಕಾಳುಗಳನ್ನೇ ನೋಡುತ್ತಿದ್ದಳು. ಆಮೇಲೆ ಒಂದೊಂದಾಗಿ, ಮಗುವಿನ ಬಟ್ಟೆಯ ಮೇಲಿನ ಅನ್ನದಗುಳು ಆರಿಸುವ ತಾಯಿಯಷ್ಟು ಮೆಲ್ಲಗೆ, ಅವನ್ನು ಆರಿಸಿ ಸಂಚಿಗೆ ಹಾಕಿಕೊಂಡಳು.

"ಬರ್ತೀನ್ರಿ ಅಕ್ಕಾರ. ಉಪಕಾರ ಆತು."

ಪಟಾನ್‌ಚೆರು ಬಂದಿತ್ತು. ಇಳಿಯುವವರ ನೂಕಿನಲ್ಲಿ ಅವಳು ಮುಂದೆ ಸರಿದಳು. ಶಿವಗಂಗಾ ಹಿಂದೆ ಎದ್ದಳು, ಹತ್ತುವವರು ಅವಳನ್ನು ಮತ್ತೆ ಸೀಟಿಗೆ ಒತ್ತಿದರು. ಹುಲಗೇಶನಿಗೆ ಫೋನು ಹಚ್ಚಿದಳು. ಅವನು ಎತ್ತಿದ. ಈಗಿಂದೀಗಲೇ ನಿನ್ನ ಹೆಂಡತಿಗೆ ಹೇಳು ಎನ್ನಲು ಬಾಯಿ ತೆರೆದವಳಿಗೆ, ಗೋಡೆಯ ಗೂಡಿನಲ್ಲಿ ಸತ್ತಂತೆ ಬಿದ್ದಿದ್ದ ಆ ಇನ್ನೊಂದು ಫೋನು ನೆನಪಾಯಿತು.

ಗದಿಗೆಮ್ಮನ ಕೋಣೆ ಇದ್ದದ್ದು ರಸ್ತೆಯ ಈಚೆ ಬದಿಯ ಓಣಿಯಲ್ಲಿ. ಅವಳು ಆ ಕಡೆ ತಿರುಗಲಿಲ್ಲ. ರಸ್ತೆ ದಾಟಿದಳು. ಆಚೆ ಬದಿಯಲ್ಲಿ ಕಲಬುರಗಿಯ ಕೆಂಪು ಬಸ್ಸು ಇಂಜಿನ್ನು ಬಂದ್ ಮಾಡದೆ ನಿಂತಿತ್ತು.

ಶಿವಗಂಗಾಳ ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ಅವಳಿಗೆ ಕೊನೆಗೆ ಕಂಡದ್ದು ಮುಖವಲ್ಲ. ಕೆಂಪು ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದ, ಧೂಳು ಮೆತ್ತಿದ ಎರಡು ಬರಿಗಾಲು.